ಗೀಸರ್ ಥರ್ಮೋಸ್ಟಾಟ್ ಕೆಟ್ಟರೆ ಎರಡು ವೈರ್ ಸೇರಿಸಿದರೆ ಸಾಕೇ?

“ಥರ್ಮೋಸ್ಟಾಟ್ ತೆಗೆದು ವೈರ್‌ಗಳನ್ನು ನೇರ ಸೇರಿಸಿ, ಖರ್ಚು ಉಳಿಸಿ” ಎಂಬ ಸಲಹೆ ನಿಮಗೂ ಬಂದಿರಬಹುದು. ಇದು ಸರಿಯೇ? ನಾವು ಪರಿಶೀಲಿಸೋಣ.

ವಾಸ್ತವ: ಹಾಗೆ ಮಾಡಿದರೂ ನೀರು ಕಾಯುತ್ತದೆ, ನಿಜ. ಆದರೆ ಸಾಕಷ್ಟು ಬಿಸಿಯಾದಾಗ ಕರೆಂಟ್ ಕಡಿಯುವುದೇ ಥರ್ಮೋಸ್ಟಾಟ್ ಕೆಲಸ. ಅದಿಲ್ಲದಿದ್ದರೆ ಕಾಯಿಲ್ ಕಾಯುತ್ತಲೇ ಇರುತ್ತದೆ. ಕುದಿಯುವ ನೀರು ಮೈ ಸುಡಬಹುದು. ಥರ್ಮಲ್ ಕಟೌಟ್, ಸುರಕ್ಷತಾ ವಾಲ್ವ್ ಕೂಡ ಕೈಕೊಟ್ಟರೆ ಒತ್ತಡ ಹೆಚ್ಚಿ ಟ್ಯಾಂಕ್ ಸಿಡಿಯಬಹುದು.

ಬದಲಿಸುವಾಗ: ಎಂಸಿಬಿ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ. 2,000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಹಳೆಯದರಷ್ಟೇ ರೇಟಿಂಗ್‌ನದ್ದು ತನ್ನಿ. ಹಂಗಾರಕಟ್ಟೆಯಂಥ ಅಳಿವೆ ಬದಿಯ ಊರಲ್ಲಿ ಉಪ್ಪುಗಾಳಿಗೆ ತಾಮ್ರದ ವೈರಿನ ತುದಿ ಕಿಲುಬು ಹಿಡಿಯುತ್ತದೆ. ಅದನ್ನು ಕತ್ತರಿಸಿ ಬಿಗಿಯಾಗಿ ಜೋಡಿಸಿ. ಅರ್ತಿಂಗ್ ಬಿಡಬೇಡಿ. ಅನುಭವವಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೇ ಹೇಳಿ.

ತೀರ್ಮಾನ: ಸಲಹೆ ಅಪಾಯಕಾರಿ. ಫಾರ್ವರ್ಡ್ ಮಾಡಬೇಡಿ.