ಪಾಳಿಗೆ ಹೊತ್ತಾಯ್ತು, ಆ ಒಂದು ಹಾಡು ಹಾಡಿ!

ನವೆಂಬರ್ ಬಂತೆಂದರೆ ಪೀಣ್ಯದ ಕಾರ್ಖಾನೆ ಬೀದಿಗಳಲ್ಲಿ ಶಾಮಿಯಾನ ಏಳುತ್ತದೆ. ರಾಜ್ಯೋತ್ಸವದ ಆರ್ಕೆಸ್ಟ್ರಾ ಎದುರು ಕುಳಿತವರ ಒಂದು ಕಣ್ಣು ವೇದಿಕೆ ಮೇಲೆ, ಇನ್ನೊಂದು ಗಡಿಯಾರದ ಮೇಲೆ. ರಾತ್ರಿ ಪಾಳಿಗೆ ಹೋಗಬೇಕಲ್ಲ! ಅವರಲ್ಲೇ ಒಬ್ಬ ಹುಡುಗ ಧಡಕ್ಕನೆ ವೇದಿಕೆ ಹತ್ತಿ ಮೈಕ್ ಕಿತ್ತುಕೊಂಡು ಹಾಡಿಬಿಟ್ಟರೆ? ಆಮೇಲೆ ‘ಕೆಲಸಕ್ಕೆ ಹೋಗೋದಿಲ್ಲ, ಹಾಡೋಕೆ ಹೊರಟೆ’ ಅಂದರೆ? ಮನೆಯಲ್ಲಿ ಎಂಥ ರಾಮಾಯಣ ಆದೀತು, ನೀವೇ ಊಹಿಸಿ.

ಅಂಥ ಕೆಲಸವನ್ನು ಒಬ್ಬ ಹುಡುಗ ನಿಜಕ್ಕೂ ಮಾಡಿದ. ಊರು ಅಮೆರಿಕದ ವಾಷಿಂಗ್ಟನ್. ವರ್ಷ 1981. ಹೆಸರು ಹೆನ್ರಿ ರೋಲಿನ್ಸ್. ಆಗ ಆತನಿಗೆ ವಯಸ್ಸು 20. ಉದ್ಯೋಗ? ಹಾಗೆನ್ ಡಾಸ್ ಐಸ್‌ಕ್ರೀಂ ಅಂಗಡಿಯಲ್ಲಿ ಮ್ಯಾನೇಜರ್‌ಗಿರಿ!

ಅಂಗಡಿ ಇಟ್ಟವರಿಗೆ ಗೊತ್ತು, ಆ ಕೆಲಸ ಎಂಥದ್ದು ಅಂತ. ಬೆಳಿಗ್ಗೆ ಬಾಗಿಲು ತೆಗೆಯಬೇಕು, ಗಲ್ಲಾ ನೋಡಬೇಕು, ಗಿರಾಕಿ ಬೈದರೂ ನಗಬೇಕು. ಹೆನ್ರಿ ಅದನ್ನೆಲ್ಲ ಚೊಕ್ಕವಾಗಿಯೇ ಮಾಡುತ್ತಿದ್ದ. ರಾತ್ರಿಯಾದರೆ ಮಾತ್ರ ಪಂಕ್ ರಾಕ್ ಹುಚ್ಚು.

ಪಂಕ್ ಅಂದರೇನು ಅಂತೀರಾ? 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್, ಲಂಡನ್ ಕಡೆ ಎದ್ದ ಗದ್ದಲ ಅದು. ಗಿಟಾರಿನಲ್ಲಿ ಮೂರು ಪಟ್ಟು ಗೊತ್ತಿದ್ದರೆ ಸಾಕು, ತಂಡ ಕಟ್ಟು, ಹಾಡು. ಹಾಡು ಎರಡು ನಿಮಿಷ ದಾಟುವ ಹಾಗಿಲ್ಲ. ರಾಗ ತಾಳಕ್ಕಿಂತ ಸಿಟ್ಟು ಮುಖ್ಯ. ದುಡ್ಡಿಲ್ಲದ ಹುಡುಗರ ಸಂಗೀತ ಅನ್ನಿ.

ಆ ಕಾಲದ ಹೆಸರಾಂತ ತಂಡ ಕ್ಯಾಲಿಫೋರ್ನಿಯಾದ ಬ್ಲಾಕ್ ಫ್ಲಾಗ್. ಇದರ ಯಜಮಾನ ಗ್ರೆಗ್ ಗಿನ್ ಎಂಬಾತನ ಕಥೆ ಪೀಣ್ಯದವರಿಗೆ ಚೆನ್ನಾಗಿ ಅರ್ಥವಾದೀತು. ಹುಡುಗನಾಗಿದ್ದಾಗಲೇ ಹಳೇ ರೇಡಿಯೋ ಸಾಮಾನು ರಿಪೇರಿ ಮಾಡಿ ಅಂಚೆಯಲ್ಲಿ ಮಾರುವ ‘ಎಸ್‌ಎಸ್‌ಟಿ’ ಎಂಬ ಪುಟ್ಟ ಎಲೆಕ್ಟ್ರಾನಿಕ್ಸ್ ಉದ್ಯಮ ತೆರೆದವನು ಆತ. ತನ್ನ ತಂಡದ ಹಾಡನ್ನು ಹೊರತರಲು ಸರಿಯಾದ ಕಂಪನಿ ಸಿಗದಾಗ ಅದೇ ಹೆಸರಿನಲ್ಲಿ 1978ರಲ್ಲಿ ಸ್ವಂತ ರೆಕಾರ್ಡ್ ಕಂಪನಿ ಮಾಡಿಬಿಟ್ಟ. ಕಿಯೋನಿಕ್ಸ್‌ನವರು ಕೋನಪ್ಪನ ಅಗ್ರಹಾರದ ಬಳಿ ಎಲೆಕ್ಟ್ರಾನಿಕ್ ಸಿಟಿಗೆ ಕೈಹಾಕಿದ್ದೂ ಅದೇ 1978ರಲ್ಲಿ! ಇಲ್ಲಿ ಎಲೆಕ್ಟ್ರಾನಿಕ್ಸ್‌ಗೆ ಊರನ್ನೇ ಕಟ್ಟಿದರು, ಅಲ್ಲೊಬ್ಬ ಎಲೆಕ್ಟ್ರಾನಿಕ್ಸ್ ಬೋರ್ಡಿನ ಕೆಳಗೇ ಹಾಡು ಮಾರಲು ಕೂತ.

ಕೆಲಸದ ಹಾಡು

1981ರಲ್ಲಿ ಬ್ಲಾಕ್ ಫ್ಲಾಗ್ ನ್ಯೂಯಾರ್ಕಿಗೆ ಬಂತು. ಹೆನ್ರಿ ಕಾರು ಹತ್ತಿ ಹೊರಟ. ದೂರ ಬೆಂಗಳೂರಿನಿಂದ ಚೆನ್ನೈಗೆ ಇರುವಷ್ಟು. ಹಾಡು ಕೇಳುತ್ತ ಕೇಳುತ್ತ ನಡುರಾತ್ರಿ ಮೀರಿತು. ಬೆಳಿಗ್ಗೆ ಅಂಗಡಿಗೆ ಹೋಗಲೇಬೇಕು. ಆಗ ಆತ ಎದ್ದು, ‘ಕ್ಲಾಕ್ಡ್ ಇನ್’ ಹಾಡಿ, ನಾನಿನ್ನು ಕೆಲಸಕ್ಕೆ ಹೊರಡಬೇಕು ಅಂದ. ಆ ಹಾಡಿರುವುದೂ ಕೆಲಸಕ್ಕೆ ಹೋಗಿ ಹಾಜರಿ ಒತ್ತುವವನ ಪಾಡಿನ ಮೇಲೆಯೇ! ತಂಡ ಶುರು ಮಾಡಿದ್ದೇ ತಡ, ಹೆನ್ರಿ ವೇದಿಕೆಗೆ ಹಾರಿ ತಾನೇ ಹಾಡಿದ. ಹಾಡಿ ಮುಗಿಸಿ, ಕಾರು ಓಡಿಸಿಕೊಂಡು ವಾಪಸು ಅಂಗಡಿಗೆ ಹೋದ. ಇದನ್ನು ಮರೆಯಬೇಡಿ.

ಕೆಲವೇ ದಿನದಲ್ಲಿ ಫೋನು ಬಂತು. ಅಲ್ಲಿಯವರೆಗೆ ಹಾಡುತ್ತಿದ್ದ ಡೆಸ್ ಕಡೇನಾಗೆ ಗಿಟಾರ್ ಹಿಡಿಯುವ ಆಸೆ, ತಂಡಕ್ಕೆ ಹಾಡುವವ ಬೇಕು. ಕೈಯಲ್ಲಿ ಐಸ್‌ಕ್ರೀಂ ಸೌಟು, ಮೈಮೇಲೆ ಕಲೆಯಾದ ಏಪ್ರನ್. ಅದನ್ನು ನೋಡಿಕೊಂಡು, ಜೀವನವೆಲ್ಲ ಇದೇ ಆದೀತು ಎನಿಸಿತಂತೆ. ಪರೀಕ್ಷೆಗೆ ಹೋಗಿ ಹಾಡಿದ, ಪಾಸಾದ, ಕೆಲಸ ಬಿಟ್ಟ, ಕಾರು ಮಾರಿದ.

ಹಾಗಂತ ಸುಖ ಸುರಿಯಲಿಲ್ಲ. ಮಲಗಲು ಕಂಪನಿಯ ಆಫೀಸಿನ ನೆಲ. ಮುಂದೆ ಗಿನ್ ತಂದೆತಾಯಿಯ ಮನೆಯ ಶೆಡ್ಡಿನಲ್ಲಿ ವಾಸ. ದಿನವೂ ಗಂಟೆಗಟ್ಟಲೆ ತಾಲೀಮು, ಆಮೇಲೆ ವ್ಯಾನಿನಲ್ಲಿ ಊರೂರು ತಿರುಗಾಟ. ಮುಂದಿನ ಸಾಲಿನ ಪುಂಡರು ಹಾಡುವವನ ಕಾಲಿಗೆ ಸಿಗರೇಟು ಒತ್ತುವುದು, ಗುದ್ದುವುದು ಮಾಮೂಲು. 1981ರ ‘ಡ್ಯಾಮೇಜ್ಡ್’ ರೆಕಾರ್ಡನ್ನು ಮಾರುವುದಕ್ಕೆ ದೊಡ್ಡ ಕಂಪನಿಯೊಂದು ಹಿಂಜರಿಯಿತು. ಇದು ಹೆತ್ತವರ ವಿರುದ್ಧದ ರೆಕಾರ್ಡು ಅಂತ ಆಕ್ಷೇಪ!

ಹತ್ತು ಡಾಲರಿನ ಮಾತು

1983ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹಾರ್ವಿ ಕುಬರ್ನಿಕ್ ಎಂಬ ಸಂಘಟಕ ಮಾತಿನ ಕಾರ್ಯಕ್ರಮ ನಡೆಸುತ್ತಿದ್ದ. ಹಾಡಿಲ್ಲ, ವಾದ್ಯವಿಲ್ಲ, ಬರೀ ಮಾತು. ನೀನೂ ಬಾ, ಹತ್ತು ಡಾಲರ್ ಕೊಡ್ತೀನಿ ಅಂತ ಹೆನ್ರಿಯನ್ನು ಕರೆದ. ಹೆನ್ರಿ ಹೋಗಿ, ತನ್ನ ತಂಡದ ತಾಲೀಮಿನಲ್ಲಿ ಆದದ್ದನ್ನು ಇದ್ದಂತೆ ಹೇಳಿದ. ಜನ ಕದಲಲಿಲ್ಲ. ಮುಂದಿನದು ಯಾವಾಗ ಎಂದು ಕೇಳಿದರು.

1986ರಲ್ಲಿ ಗಿನ್ ಒಂದು ಫೋನು ಮಾಡಿ ತಾನು ತಂಡ ಬಿಡುತ್ತಿರುವುದಾಗಿ ಹೇಳಿದ. ಬ್ಲಾಕ್ ಫ್ಲಾಗ್ ಅಲ್ಲಿಗೆ ಮುಗಿಯಿತು. ಹೆನ್ರಿ 1987ರಲ್ಲಿ ತನ್ನದೇ ತಂಡ ಕಟ್ಟಿದ, ಮಾತನ್ನೂ ಬಿಡಲಿಲ್ಲ. 1991ರ ಡಿಸೆಂಬರಿನಲ್ಲಿ ದೊಡ್ಡ ಪೆಟ್ಟು ಬಿತ್ತು. ಆತನೂ ಗೆಳೆಯ ಜೋ ಕೋಲ್‌ನೂ ಮನೆಗೆ ಮರಳುವಾಗ ದರೋಡೆಕೋರರು ಅಡ್ಡಗಟ್ಟಿದರು. ಜೋ ಗುಂಡೇಟಿಗೆ ಬಲಿಯಾದ, ಹೆನ್ರಿ ಬದುಕಿ ಉಳಿದ. ಆ ಗೆಳೆಯನ ಮಾತನ್ನು ಆತ ವರ್ಷಾನುಗಟ್ಟಲೆ ವೇದಿಕೆ ಮೇಲೆ ಆಡುತ್ತಲೇ ಬಂದ. ಬ್ಲಾಕ್ ಫ್ಲಾಗ್ ದಿನಗಳ ದಿನಚರಿಯನ್ನು ಪುಸ್ತಕ ಮಾಡಿ, ತಾನೇ ಓದಿ ಧ್ವನಿಮುದ್ರಿಸಿದ. ಅದಕ್ಕೆ 1995ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಹಾಡಿಗಲ್ಲ, ಮಾತಿಗೆ!

2006ರ ಪ್ರವಾಸದ ನಂತರ ಹಾಡು ನಿಲ್ಲಿಸಿದ. ಒಳಗೆ ಹೊಸ ಹಾಡು ಹುಟ್ಟುತ್ತಿಲ್ಲ, ಹಳೇದನ್ನೇ ಹಾಡಿಕೊಂಡು ದುಡಿಯುವುದು ಬೇಡ ಎಂಬ ಲೆಕ್ಕ. ಅಲ್ಲಿಂದಾಚೆಗೆ ಬರೀ ಮಾತು. ಒಂದು ಮೈಕು, ಖಾಲಿ ವೇದಿಕೆ, ಕೈಯಲ್ಲಿ ಚೀಟಿ ಇಲ್ಲ, ಎರಡು ಗಂಟೆಗೂ ಮೀರಿದ ಕಥನ.

ಇದು ಹೊಸದೇನಲ್ಲ ಎಂದು ಇಲ್ಲಿನ ಹಿರಿಯರು ಅಂದಾರು. ಭದ್ರಗಿರಿ ಅಚ್ಯುತದಾಸರು ನಿಂತರೆಂದರೆ ಊರಿಗೆ ಊರೇ ಕೂತು ಕೇಳುತ್ತಿರಲಿಲ್ಲವೇ? ಗಂಗಾವತಿ ಪ್ರಾಣೇಶ್ ಮಾತಿಗೆ ಮೈದಾನ ತುಂಬುವುದಿಲ್ಲವೇ? ನಿಜ. ದಾಸರ ಕೈಗೆ ತಾಳ, ಹಿಂದೆ ಹಾರ್ಮೋನಿಯಂ, ಬಾಯಲ್ಲಿ ಪುರಾಣ. ಹೆನ್ರಿಗೆ ತಾನು ಕಂಡದ್ದೇ ಪುರಾಣ. ಭೋಪಾಲದ ವಿಷಾನಿಲ ದುರಂತಕ್ಕೆ 25 ವರ್ಷವಾದಾಗ, 2009ರ ಡಿಸೆಂಬರಿನಲ್ಲಿ, ಆತ ಭೋಪಾಲಕ್ಕೇ ಬಂದು ನೋಡಿದ. ಕಂಡದ್ದನ್ನು ಅಮೆರಿಕದ ಜನರಿಗೆ ನಿಂತು ಹೇಳಿದ. ಕಾರ್ಖಾನೆ ಗೋಡೆಯ ಪಕ್ಕದಲ್ಲೇ ಮನೆ ಮಾಡಿಕೊಂಡಿರುವ ಪೀಣ್ಯದವರಿಗೆ ಆ ಮಾತಿನ ತೂಕ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಯ ಹುಡುಗರಿಗೆ

ಕಾಡುಗೋಡಿ ಬಸ್ಸಿನಲ್ಲಿ, ಎಲೆಕ್ಟ್ರಾನಿಕ್ ಸಿಟಿ ಮೆಟ್ರೋದಲ್ಲಿ ಲ್ಯಾಪ್‌ಟಾಪ್ ಚೀಲದ ಜತೆ ಗಿಟಾರ್ ಹೊತ್ತ ಹುಡುಗ ಹುಡುಗಿಯರು ಕಾಣುತ್ತಾರೆ. ವೈಟ್‌ಫೀಲ್ಡ್ ಕಡೆಯವರಿಗೆ 2011ರಲ್ಲಿ ಜಾಗೃತಿ ರಂಗಮಂದಿರ ಬಂತು. ಮೊದಲಿನ ಹಾಗೆ ನಾಟಕ ಅಂದರೆ ಟೌನ್‌ಹಾಲ್, ರವೀಂದ್ರ ಕಲಾಕ್ಷೇತ್ರ ಎಂದು ಊರೊಳಗೇ ಓಡಬೇಕಿಲ್ಲ. ಆದರೆ ಮನೆಗಳಲ್ಲಿ ಪ್ರಶ್ನೆ ಹಳೆಯದೇ. ‘ಸಂಬಳ ಬಿಟ್ಟು ಕುಣಿಯೋಕೆ ಹೋಗ್ತೀಯಾ? ಇಎಂಐ ಯಾರಪ್ಪ ಕಟ್ಟೋರು?’

ಕೇಳುವ ಅಪ್ಪ ಅಮ್ಮನ ತಪ್ಪೇನಿಲ್ಲ. ಹೆನ್ರಿ ಹಾಗೆ ಕೆಲಸ ಬಿಟ್ಟವರೆಲ್ಲ ಗ್ರ್ಯಾಮಿ ತಂದಿಲ್ಲ. ಆದರೆ ವೇದಿಕೆ ಹತ್ತಿದ ರಾತ್ರಿಯೂ ಆತ ಅಂಗಡಿಗೆ ಚಕ್ಕರ್ ಹಾಕಲಿಲ್ಲ. ಅಂಗಡಿ ಬಿಟ್ಟ ಮೇಲೂ ಅಂಗಡಿಯ ಶಿಸ್ತು ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದ, ಹತ್ತು ಡಾಲರಿನ ಗಿರಾಕಿಗೂ ಪೂರ್ತಿ ತೂಕ ಕೊಟ್ಟ. ಸರಕು ಮುಗಿದಾಗ ಮುಗಿಯಿತು ಎಂದು ಹೇಳಿ ಬೇರೆ ಸರಕು ತಂದ. ವೇದಿಕೆ ಹತ್ತುವ ಆಸೆ ಇದ್ದವರು ಮೊದಲು ಕಲಿಯಬೇಕಾದ್ದು ಇದನ್ನೇ. ಇದಕ್ಕೆ ಕೆಲಸ ಬಿಡಬೇಕಿಲ್ಲ, ಇವತ್ತಿನ ಪಾಳಿಯಲ್ಲೇ ಕಲಿಯಬಹುದು.