ಕಡಲತೀರದ ಪ್ರವಾಸಿ ತಾಣಗಳ ಸುರಕ್ಷತೆ: ಗ್ರಾಮ ಪಂಚಾಯಿತಿಯ ಪಾತ್ರ

ಗೋಕರ್ಣಕ್ಕೆ ಕ್ಷೇತ್ರದರ್ಶನಕ್ಕಾಗಿ ಬರುವ ಯಾತ್ರಿಕರೊಂದಿಗೆ ಕುಡ್ಲೆ, ಓಂ ಕಡಲತೀರಗಳನ್ನು ಅರಸಿ ಬರುವ ಪ್ರವಾಸಿಗರೂ ಸೇರುತ್ತಾರೆ. ಇಂತಹ ಊರುಗಳಲ್ಲಿ ಅಪಾಯಗಳು ಎರಡು ಬಗೆಯವು. ಕಳವು, ಮಾದಕ ವಸ್ತು ಮಾರಾಟ, ಮಹಿಳೆಯರಿಗೆ ಕಿರುಕುಳ ಮೊದಲಾದ ಅಪರಾಧಗಳು ಒಂದು. ಸಮುದ್ರದ ಸೆಳೆತ ಇನ್ನೊಂದು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದುದು ಎರಡನೆಯದರ ದಾರುಣ ನಿದರ್ಶನ.

ಕಳವಿಗೀಡಾದ ಪ್ರವಾಸಿಗರಲ್ಲಿ ಕೆಲವರು ಊರಿಗೆ ಮರಳುವ ಅವಸರದಲ್ಲಿ ದೂರು ನೀಡುವುದಿಲ್ಲ. ಆದುದರಿಂದ ಪ್ರಕರಣಗಳ ಸಂಖ್ಯೆ ಕಡಿಮೆಯಿದ್ದ ಮಾತ್ರಕ್ಕೆ ಊರು ಸುರಕ್ಷಿತವೆಂದು ಭಾವಿಸಲಾಗದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣದಂತೆ, ಸಂಜ್ಞೇಯ ಅಪರಾಧ ಎಲ್ಲಿಯೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ಈ ವಿಷಯವನ್ನು ವಸತಿಗೃಹಗಳಲ್ಲಿ ಪ್ರದರ್ಶಿಸುವುದು ಉಪಯುಕ್ತ.

ತನಿಖೆ ಪೊಲೀಸರ ಹೊಣೆಯಾದರೂ, ಅಪರಾಧಕ್ಕೆ ಆಸ್ಪದ ದೊರೆಯದಂತೆ ಮಾಡುವುದರಲ್ಲಿ ಪಂಚಾಯಿತಿಗೂ ಪಾಲಿದೆ. ತೀರಕ್ಕೆ ಹೋಗುವ ದಾರಿಗಳ ಬೀದಿದೀಪಗಳನ್ನು ಸದಸ್ಯರು ಮುಸ್ಸಂಜೆಯ ನಂತರ ಖುದ್ದಾಗಿ ಪರಿಶೀಲಿಸಬೇಕು. ವಿದೇಶಿಯರು ತಂಗಿದಲ್ಲಿ 24 ಗಂಟೆಗಳೊಳಗೆ ನಿಗದಿತ ನಮೂನೆಯಲ್ಲಿ ಮಾಹಿತಿ ಸಲ್ಲಿಸಬೇಕೆಂಬುದನ್ನು ಹೋಮ್‌ಸ್ಟೇ ಮಾಲೀಕರಿಗೆ ನೆನಪಿಸಬೇಕು. ಅಪಾಯದ ಸ್ಥಳಗಳಲ್ಲಿ ಎಚ್ಚರಿಕೆ ಫಲಕದೊಂದಿಗೆ ತುರ್ತು ಕರೆ 112, ಕರಾವಳಿ ಕಾವಲು ಪೊಲೀಸ್ ಸಹಾಯವಾಣಿ 1093 ಸಂಖ್ಯೆಗಳು ಎದ್ದು ಕಾಣುವಂತಿರಬೇಕು. ಕಡಲನ್ನು ಬಲ್ಲ ಸ್ಥಳೀಯ ಮೀನುಗಾರರ ಸಲಹೆ ಪಡೆದೇ ಈ ಸ್ಥಳಗಳನ್ನು ಗುರುತಿಸುವುದು ಸೂಕ್ತ.