ಮಿದುಳಿನ ಪೌರಕಾರ್ಮಿಕರು

ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯಲ್ಲಿ ಸಂಜೆ ತರಕಾರಿ ಕೊಳ್ಳುವವರಿಗೆಲ್ಲ ಗೊತ್ತು, ವ್ಯಾಪಾರ ಮುಗಿಯುವ ಹೊತ್ತಿಗೆ ರಸ್ತೆಯ ತುಂಬ ಕೋಸಿನ ಎಲೆ, ಕೊತ್ತಂಬರಿ ಕಡ್ಡಿ. ಬೆಳಗ್ಗೆ ಪೌರಕಾರ್ಮಿಕರು ಗುಡಿಸದಿದ್ದರೆ ಎರಡೇ ದಿನದಲ್ಲಿ ಅಲ್ಲಿ ಕಾಲಿಡಲಾಗದು. ನಮ್ಮ ಮಿದುಳಿನಲ್ಲೂ ಇಂಥ ಕೆಲಸ ಮಾಡುವ ಜೀವಕೋಶಗಳಿವೆ. ವ್ಯತ್ಯಾಸವೆಂದರೆ ಅವು ದಿನಕ್ಕೊಮ್ಮೆಯಲ್ಲ, ಕ್ಷಣಕ್ಷಣವೂ ಗುಡಿಸುತ್ತಿರಬೇಕು.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಸಾಮಾನ್ಯವಾಗಿ ಒಂದು ನರಕೋಶ ಇನ್ನೊಂದಕ್ಕೆ ತಾಗಿರುವುದಿಲ್ಲ. ನಡುವೆ ಅತಿ ಸಣ್ಣ ಸಂದು ಇರುತ್ತದೆ. ಸುದ್ದಿ ಮುಟ್ಟಿಸಬೇಕಾದ ಕೋಶ ಆ ಸಂದಿಗೆ ಒಂದು ರಾಸಾಯನಿಕವನ್ನು ಬಿಡುತ್ತದೆ. ಆಚೆಯ ಕೋಶ ಅದನ್ನು ಗ್ರಹಿಸುತ್ತದೆ. ಇಂಥ ರಾಸಾಯನಿಕಗಳಿಗೆ ನರವಾಹಕಗಳೆಂದು ಹೆಸರು. ಇವುಗಳಲ್ಲಿ ನರಕೋಶಗಳನ್ನು ಚುರುಕುಗೊಳಿಸುವ ಮುಖ್ಯವಾದದ್ದು ಗ್ಲುಟಮೇಟ್.

ಸುದ್ದಿ ಮುಟ್ಟಿದ ಮೇಲೆ ಗ್ಲುಟಮೇಟ್ ಅಲ್ಲಿ ಉಳಿಯಬಾರದು. ಉಳಿದರೆ, ಕರೆಗಂಟೆಯ ಗುಂಡಿ ಒಳಗೇ ಸಿಕ್ಕಿಕೊಂಡಂತೆ ಆಚೆಯ ನರಕೋಶ ಎಡೆಬಿಡದೆ ಉದ್ರೇಕಗೊಳ್ಳುತ್ತದೆ. ಅತಿಯಾದರೆ ಅದರೊಳಕ್ಕೆ ಕ್ಯಾಲ್ಸಿಯಂ ನುಗ್ಗಿ ಕೋಶವೇ ಸಾಯುತ್ತದೆ.

ನಕ್ಷತ್ರದ ಆಕಾರದ ಕೋಶ

ಈ ಗ್ಲುಟಮೇಟನ್ನು ತೆಗೆಯುವ ಕೆಲಸ ಹೆಚ್ಚಾಗಿ ಆಸ್ಟ್ರೋಸೈಟ್ ಎಂಬ ಕೋಶಗಳದು. ಸೂಕ್ಷ್ಮದರ್ಶಕದಲ್ಲಿ ನಕ್ಷತ್ರದಂತೆ ಕಾಣುವುದರಿಂದ ಆ ಹೆಸರು. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ ಇವು ಸೇರಿದ ಕೋಶಗಳ ಗುಂಪಿಗೆ 'ನರಗಳ ಅಂಟು' ಎಂಬರ್ಥದ ಹೆಸರಿಟ್ಟಿದ್ದ. ಬಹುಕಾಲ ಇವನ್ನು ಬರೀ ಗೋಂದು ಎಂದೇ ತಿಳಿಯಲಾಗಿತ್ತು.

ಆಸ್ಟ್ರೋಸೈಟಿನ ಕವಲುಗಳು ನರಕೋಶಗಳ ಸಂದುಗಳನ್ನು ಸುತ್ತುವರಿದಿರುತ್ತವೆ. ಕವಲುಗಳ ಹೊರಪೊರೆಯಲ್ಲಿರುವ ಪ್ರೊಟೀನಿನ ಪಂಪುಗಳು ಗ್ಲುಟಮೇಟನ್ನು ಒಳಗೆ ಎಳೆದುಕೊಳ್ಳುತ್ತವೆ. ಮುಖ್ಯ ಪಂಪಿಗೆ ಜಿಎಲ್‌ಟಿ-1 ಎಂದು ಹೆಸರು. ಈ ಪಂಪಿಲ್ಲದ ಇಲಿಗಳಿಗೆ ಪ್ರಾಣಾಂತಿಕ ಸೆಳವು ಬರುತ್ತದೆಂದು ಜಪಾನಿನ ವಿಜ್ಞಾನಿಗಳು 1997ರಲ್ಲಿ ತೋರಿಸಿದರು.

ಒಳಗೆ ಬಂದ ಗ್ಲುಟಮೇಟ್ ವ್ಯರ್ಥವಾಗುವುದಿಲ್ಲ. ಆಸ್ಟ್ರೋಸೈಟ್ ಅದನ್ನು ನಿರುಪದ್ರವಿ ಗ್ಲುಟಮಿನ್ ಆಗಿ ಮಾರ್ಪಡಿಸಿ ನರಕೋಶಕ್ಕೆ ಮರಳಿಸುತ್ತದೆ. ಖಾಲಿ ಸೋಡಾ ಬಾಟಲು ಅಂಗಡಿಗೆ ಹಿಂತಿರುಗಿ ಮತ್ತೆ ತುಂಬಿಕೊಂಡು ಬರುವಂತೆ, ನರಕೋಶ ಅದರಿಂದ ಪುನಃ ಗ್ಲುಟಮೇಟ್ ತಯಾರಿಸಿಕೊಳ್ಳುತ್ತದೆ.

ಪಂಪು ಕೆಟ್ಟರೆ?

ಈ ಪಂಪು ನಡೆಯಲು ಶಕ್ತಿ ಬೇಕು. ಆ ಶಕ್ತಿ ರಕ್ತ ತರುವ ಆಮ್ಲಜನಕ ಮತ್ತು ಗ್ಲೂಕೋಸಿನಿಂದ ಬರಬೇಕು. ಪಾರ್ಶ್ವವಾಯುವಿನಲ್ಲಿ ರಕ್ತನಾಳ ಕಟ್ಟಿಕೊಂಡಾಗ ಪಂಪು ಸೋಲುತ್ತದೆ. ಕೋಶಗಳ ಒಳಗಿದ್ದ ಗ್ಲುಟಮೇಟ್ ಕೂಡ ಹೊರಚೆಲ್ಲಿ ಅಕ್ಕಪಕ್ಕದ ನರಕೋಶಗಳನ್ನು ಕೊಲ್ಲುತ್ತದೆ. ದೊಡ್ಡ ನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಷ್ಟವಾಗುತ್ತವೆಂದು ಅಂದಾಜು.

ಎಎಲ್‌ಎಸ್ ಎಂಬ ಕಾಯಿಲೆಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಕ್ರಮೇಣ ಸಾಯುತ್ತವೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗಿದ್ದದ್ದು ಇದೇ. ನಮ್ಮ ಊರಿನ ನಿಮ್ಹಾನ್ಸ್ ಸಂಶೋಧಕರು ಇಂಥ ರೋಗಿಗಳ ಬೆನ್ನುಹುರಿಯ ಸುತ್ತಣ ದ್ರವವನ್ನು ಇಲಿಗಳ ಮೇಲೆ ಪ್ರಯೋಗಿಸಿದಾಗ ಜಿಎಲ್‌ಟಿ-1 ಪಂಪು ಕಡಿಮೆಯಾದದ್ದು ಕಂಡುಬಂತು. ಇದು 2007ರಲ್ಲಿ ಪ್ರಕಟವಾಯಿತು. ಈ ಕಾಯಿಲೆಗೆ ಕೊಡುವ ರಿಲುಜೋಲ್ ಮಾತ್ರೆ ಗ್ಲುಟಮೇಟ್ ಬಿಡುಗಡೆಯನ್ನು ತಗ್ಗಿಸುತ್ತದೆ. ಅದರಿಂದ ಆಯುಸ್ಸು ಕೆಲವು ತಿಂಗಳು ಹೆಚ್ಚಬಹುದೇ ಹೊರತು ರೋಗ ವಾಸಿಯಾಗುವುದಿಲ್ಲ.

ನೀವು ತಿಳಿದಿರಬೇಕಾದ್ದು

'ಹಾಗಾದರೆ ಗೋಬಿ ಮಂಚೂರಿಗೆ ಹಾಕುವ ಅಜಿನೊಮೊಟೊ ಕೂಡ ಗ್ಲುಟಮೇಟ್ ಅಲ್ಲವೇ?' ಎಂದು ಕೇಳುವವರಿದ್ದಾರೆ. ಹೌದು. ಆದರೆ ತಿಂದ ಗ್ಲುಟಮೇಟಿನ ಬಹುಪಾಲನ್ನು ಕರುಳಿನ ಕೋಶಗಳೇ ಬಳಸಿಕೊಳ್ಳುತ್ತವೆ. ಉಳಿದದ್ದು ಸುಲಭವಾಗಿ ಮಿದುಳಿಗೆ ಹೋಗದಂತೆ ರಕ್ತ ಮತ್ತು ಮಿದುಳಿನ ನಡುವೆ ತಡೆಯಿದೆ. ಅದಕ್ಕೆ ಹೆದರಬೇಕಿಲ್ಲ. ಆ ತಿಂಡಿಯ ಎಣ್ಣೆ, ಉಪ್ಪಿನ ಬಗ್ಗೆ ಯೋಚಿಸುವುದು ಮೇಲು.

ನಿಜವಾಗಿ ಬೇಕಾದ ಎಚ್ಚರಿಕೆ ಎರಡು. ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪಿದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ, ಬೆಳಗಾಗಲೆಂದು ಕಾಯುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಸ್ಕ್ಯಾನಿಂಗ್ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗವೋ ಅಷ್ಟು ಲಾಭ.

ಎರಡನೆಯದು ಫಿಟ್ಸ್. ಆಗ ಅಸಂಖ್ಯ ನರಕೋಶಗಳು ಒಟ್ಟಿಗೇ ಉದ್ರೇಕಗೊಂಡು ಗ್ಲುಟಮೇಟ್ ಸುರಿಸುತ್ತವೆ. ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ಅಲ್ಲಿಯವರೆಗೆ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯಡಿ ಮೆತ್ತನೆಯದೇನಾದರೂ ಇಡಿ. ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು ಬೇಡ. ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಿ.

ಈ ಕೋಶಗಳಿಗೆ ಬಲ ಕೊಡುವ ಟಾನಿಕ್ ಯಾವುದೂ ಇಲ್ಲ. ಅವುಗಳಿಗೆ ರಕ್ತ ಒದಗಿಸುವ ನಾಳಗಳನ್ನು ಕಾಪಾಡುವುದು ಮಾತ್ರ ನಮ್ಮ ಕೈಯಲ್ಲಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಿಮಗೆ ನೀವೇ ನಿಲ್ಲಿಸಬೇಡಿ. ಬೀಡಿ, ಸಿಗರೇಟು ಬಿಡಿ.